ದೂರದ ದವಾಖಾನೆ, ವೈದ್ಯನ ಧೃತಿ

ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಹೋಗುವ ಹೆದ್ದಾರಿ ಅಷ್ಟೇನೂ ದೀರ್ಘವಾದುದಲ್ಲವಾದರೂ, ಆ ಒಂದೇ ದಾರಿಯ ಇಕ್ಕೆಲಗಳಲ್ಲಿ ಮನುಷ್ಯಶರೀರವನ್ನು ಕಾಡುವ ವ್ಯಾಧಿಗಳು ನೆಲದ ಗುಣದೊಡನೆಯೇ ಬದಲಾಗುತ್ತ ಹೋಗುವುದನ್ನು ಅಲ್ಲಿಯ ವೈದ್ಯರು ಬಲ್ಲರು. ಹಟ್ಟಿಯ ಚಿನ್ನದ ಗಣಿಯೂ, ಮಳೆಯನ್ನೇ ನೆಚ್ಚಿದ ಹೊಲಗಳೂ, ಲಂಬಾಣಿ ತಾಂಡಾಗಳೂ ಇರುವ ಲಿಂಗಸುಗೂರಿನ ಸೀಮೆಯಲ್ಲಿ ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರು ಕುಡಿದು ನೊಂದ ಮೂಳೆಗಳು, ತಾಯ್ತಂದೆಯರೊಡನೆ ಗುಳೆ ಹೋಗಿ ಲಸಿಕೆಯ ಲೆಕ್ಕದಿಂದ ತಪ್ಪಿಹೋದ ಮಕ್ಕಳು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಸೀಮೆಯಲ್ಲಿ ಭತ್ತದ ಗದ್ದೆಯ ಹಾವು, ಕೀಟನಾಶಕದ ವಿಷ, ಕೆಸರಿನಲ್ಲಿ ದಿನವಿಡೀ ಬಾಗಿ ನಿಂತ ಹೆಂಗಸರ ಸೊಂಟನೋವು. ಇವೆರಡರ ನಡುವಿನ ಮಸ್ಕಿಯಾದರೋ, 1915ರಲ್ಲಿ ದೊರೆತ ಶಾಸನದಿಂದ ದೇವಾನಾಂಪ್ರಿಯನೆಂಬಾತನು ಅಶೋಕನೇ ಎಂಬುದು ಸ್ಥಿರಪಟ್ಟ ಕ್ಷೇತ್ರ. ಮಸ್ಕಿಯದಲ್ಲದ ಮತ್ತೊಂದು ಬಂಡೆಶಾಸನದಲ್ಲಿ ಆ ಸಮ್ರಾಟನು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿಸಿದುದನ್ನೂ, ಔಷಧಿಯ ಗಿಡಗಳಿಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಈಗ ಗಿಡಮೂಲಿಕೆಯ ಸ್ಥಾನದಲ್ಲಿ ವೈದ್ಯನನ್ನೇ ತಂದು ನೆಲೆಗೊಳಿಸಬೇಕಾಗಿದೆ. ಅದು ಗಿಡ ನೆಡಿಸುವುದಕ್ಕಿಂತ ಕಠಿನವಾದ ಕಾರ್ಯ.

ಈ ವೈದ್ಯನನ್ನು ನಾವು ಎಲ್ಲಿ ತಯಾರಿಸುತ್ತೇವೆ? 1961ರಲ್ಲಿ ಕೆರ್ ವೈಟ್ ಎಂಬ ವೈದ್ಯರೂ ಅವರ ಇಬ್ಬರು ಸಹೋದ್ಯೋಗಿಗಳೂ ಅಮೆರಿಕ ಮತ್ತು ಬ್ರಿಟನ್ನಿನ ಅಂಕಿಗಳನ್ನು ಕೂಡಿಸಿ ಪ್ರಕಟಿಸಿದ ಲೇಖನವೊಂದು ಈ ಪ್ರಶ್ನೆಯನ್ನು ಮರೆಯಲಾಗದಂತೆ ಮುಂದಿಟ್ಟಿತು. ಒಂದು ತಿಂಗಳ ಅವಧಿಯಲ್ಲಿ 1000 ಮಂದಿ ವಯಸ್ಕರಲ್ಲಿ 750 ಮಂದಿಗೆ ಏನಾದರೊಂದು ಅಸ್ವಾಸ್ಥ್ಯ. ಅವರಲ್ಲಿ 250 ಮಂದಿ ವೈದ್ಯನನ್ನು ಕಾಣುತ್ತಾರೆ. ಆಸ್ಪತ್ರೆಗೆ ಸೇರುವವರು 9 ಮಂದಿ. ವೈದ್ಯಕೀಯ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಯವರೆಗೆ ಹೋಗುವವನು ಒಬ್ಬನೇ ಒಬ್ಬ. ವಿದ್ಯಾರ್ಥಿಯು ವರ್ಷಗಟ್ಟಲೆ ನಿಂತು ನೋಡುವುದು ಆ ಒಬ್ಬನನ್ನು. ಪದವಿ ಪಡೆದು ಹೊರಬಂದ ಮರುದಿನ ಅವನ ಮೇಜಿನೆದುರು ಬಂದು ಕೂರುವವರು ಉಳಿದ 249 ಮಂದಿ. ನಮ್ಮ ದೇಶದಲ್ಲಿಯೂ 1946ರ ಭೋರ್ ಸಮಿತಿ ಮೂರು ತಿಂಗಳ ಸಾಮಾಜಿಕ ವೈದ್ಯಕೀಯ ಶಿಕ್ಷಣವನ್ನು ಬಯಸಿದ್ದಿತು. 1977ರಲ್ಲಿ ವೈದ್ಯಕೀಯ ಕಾಲೇಜುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳೊಡನೆ ಬೆಸೆಯುವ ಯೋಜನೆ ಬಂದಿತು. 2019ರಿಂದ ಸಂವಹನ, ನೀತಿ, ಮನೋಭಾವಗಳನ್ನು ಪಠ್ಯಕ್ರಮದಲ್ಲಿಯೇ ಸೇರಿಸಿ ಕಲಿಸುತ್ತಿದ್ದಾರೆ. 2022ರಿಂದ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತುಪಡೆದು ಅವರ ಆರೋಗ್ಯವನ್ನು ಗಮನಿಸುತ್ತಿರಬೇಕೆಂಬ ನಿಯಮವೂ ಇದೆ. ಸಂಕಲ್ಪಕ್ಕೆ ಕೊರತೆಯಿಲ್ಲ.

ಆದರೆ ನಾಟಿಯ ಕಾಲದ ಒಂದು ಬೆಳಗನ್ನು ನೋಡೋಣ. ಪ್ರಾಥಮಿಕ ಆರೋಗ್ಯ ಕೇಂದ್ರದ ಜಗುಲಿಯಲ್ಲಿ ಚೀಟಿ ಹಿಡಿದ ಜನ ಸಾಲುಗಟ್ಟಿದ್ದಾರೆ. ಕಣ್ಣಿನ ರೆಪ್ಪೆಯೊಳಗಣ ಕೆಂಪು ಬಣ್ಣವೆಲ್ಲ ಇಂಗಿಹೋದ ಒಬ್ಬ ಹೆಣ್ಣುಮಗಳು ಒಳಗೆ ಬಂದು, "ಸಾಹೇಬ್ರ, ಒಂದು ಸಲಾಯಿನ್ ಹಚ್ರಿ, ನಾಳೆ ಸಸಿ ಹಚ್ಚಾಕ ಹೋಗಬೇಕ್ರಿ" ಎನ್ನುತ್ತಾಳೆ. ಅವಳಿಗೆ ಬೇಕಾದುದು ಸಲಾಯಿನ್ ಅಲ್ಲ, ಕಬ್ಬಿಣಾಂಶದ ಗುಳಿಗೆ. ಅದನ್ನು ಆಶಾ ಕಾರ್ಯಕರ್ತೆ ಆಗಲೇ ಒಂದು ಸಲ ಕೊಟ್ಟಿದ್ದಾಳೆ, ಈಕೆ ನಾಲ್ಕು ದಿನ ನುಂಗಿ, ಹೊಟ್ಟೆ ತೊಳಸಿ, ಮಲ ಕಪ್ಪಾದುದನ್ನು ಕಂಡು ಬೆದರಿ ಬಿಟ್ಟಿದ್ದಾಳೆ. ಕಪ್ಪಾಗುವುದು ಗುಳಿಗೆಯ ಸ್ವಭಾವ, ಊಟದ ನಂತರ ತೆಗೆದುಕೊಂಡರೆ ತೊಳಸು ಕಡಮೆಯಾಗುತ್ತದೆ, ಚಹದೊಡನೆ ಮಾತ್ರ ಬೇಡ ಎಂಬಿಷ್ಟನ್ನು ಅವಳ ಮಾತಿನಲ್ಲಿಯೇ ಅವಳಿಗೆ ತಿಳಿಹೇಳಲು ಹತ್ತು ನಿಮಿಷ ಬೇಕು. ಸಲಾಯಿನ್ ಬಾಟಲಿ ನೇತುಹಾಕಿಸಲು ಒಂದು ನಿಮಿಷ ಸಾಕು. ಹೊರಗೆ ಸಾಲು ಬೆಳೆಯುತ್ತಿದೆ. ಈ ಹತ್ತು ನಿಮಿಷಗಳನ್ನು ದಿನಕ್ಕೆ ಎಷ್ಟು ಬಾರಿ ಕಳೆದುಕೊಂಡರೆ ತಾನು ಕಲಿತ ವಿದ್ಯೆ ತನ್ನದಲ್ಲವೆಂದು ವೈದ್ಯನಿಗೆ ಅನಿಸತೊಡಗುತ್ತದೆಯೆಂಬುದನ್ನು ಯಾವ ಮಾಸಿಕ ವರದಿಯೂ ನಮೂದಿಸುವುದಿಲ್ಲ.

ರಾತ್ರಿಯ ಪರೀಕ್ಷೆ ಇನ್ನೊಂದು ಬಗೆಯದು. ಹಾವು ಕಡಿದವನನ್ನು ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಕರೆತಂದಿದ್ದಾರೆ. ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಅವನ 2 ಮಿಲಿಲೀಟರ್ ರಕ್ತವನ್ನಿಟ್ಟು, 20 ನಿಮಿಷ ಅಲುಗಿಸದೆ ಕಾಯ್ದು, ಬಳಿಕ ಮೆಲ್ಲನೆ ಓರೆಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ಜಾತಿಯ ವಿಷವು ರಕ್ತಕ್ಕಿಳಿದಿದೆಯೆಂದು ತಿಳಿದು ಪ್ರತಿವಿಷವನ್ನು ಆರಂಭಿಸಬೇಕು. ಪ್ರತಿವಿಷವೇ ಕೆಲವರಲ್ಲಿ ತೀವ್ರ ಅಲರ್ಜಿಯನ್ನು ಉಂಟುಮಾಡುವುದರಿಂದ ಅಡ್ರಿನಲಿನ್ ತುಂಬಿದ ಸಿರಿಂಜ್ ಪಕ್ಕದಲ್ಲಿ ಸಿದ್ಧವಾಗಿರಬೇಕು. ಇದಿಷ್ಟೂ ಪ್ರಾಥಮಿಕ ಕೇಂದ್ರದಲ್ಲಿ ಸಾಧ್ಯವಾದುದೇ. ಆದರೆ ಇದನ್ನು ಪುಸ್ತಕದಲ್ಲಿ ಓದಿದ, ತನ್ನ ಕೈಯಿಂದ ಒಮ್ಮೆಯೂ ಮಾಡದ ತರುಣ ವೈದ್ಯನು, ಬಾಗಿಲಲ್ಲಿ ನಿಂತ ಬಂಧುಗಳ ಮುಖವನ್ನು ನೋಡಿ, ಸುಮಾರು 90 ಕಿಲೋಮೀಟರ್ ದೂರದ ರಾಯಚೂರಿಗೆ ಬರೆದುಕೊಟ್ಟರೆ ಅವನನ್ನು ಭೀರುವೆಂದು ದೂಷಿಸುವುದು ನ್ಯಾಯವಲ್ಲ. ಧೈರ್ಯವೆಂಬುದು ಇಲ್ಲಿ ಮನಸ್ಸಿನ ಗುಣವಾಗುವ ಮುನ್ನ ಕೈಯ ಅಭ್ಯಾಸವಾಗಿರಬೇಕಾಗುತ್ತದೆ. 2024ರಲ್ಲಿ ಕರ್ನಾಟಕವು ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದುದು ಸ್ತುತ್ಯವೇ ಸರಿ. ಆ ವರದಿಯನ್ನು ಬರೆಯುವವನ ಪಕ್ಕದಲ್ಲಿ ಅನುಭವವುಳ್ಳ ಇನ್ನೊಬ್ಬನಿದ್ದನೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು.

ವೈದ್ಯರ ಬಳಲಿಕೆಯನ್ನು ಕುರಿತ ಸಂಶೋಧನೆ ಈ ಎರಡು ದೃಶ್ಯಗಳಿಗೆ ಬಹಳ ಹತ್ತಿರದ್ದು. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಎಂಬ ಮನೋವಿಜ್ಞಾನಿಗಳು 1981ರಲ್ಲಿ ರೂಪಿಸಿದ ಮಾಪನವು ಈ ಬಳಲಿಕೆಗೆ ಮೂರು ಮುಖಗಳನ್ನು ಗುರುತಿಸಿತು: ಭಾವವೇ ಬರಿದಾಗುವುದು, ಎದುರಿಗಿರುವ ಮನುಷ್ಯನು ಕೇವಲ ಒಂದು ಪ್ರಕರಣವಾಗಿ ಕಾಣತೊಡಗುವುದು, ತನ್ನ ಕೆಲಸದಿಂದ ಏನೂ ಸಾಧಿತವಾಗುತ್ತಿಲ್ಲವೆಂಬ ಭಾವನೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದು ಕರೆಯದೆ, ವೃತ್ತಿಯ ಸನ್ನಿವೇಶದಿಂದ ಹುಟ್ಟುವ ಸ್ಥಿತಿಯೆಂದು ವರ್ಗೀಕರಿಸಿತು. ಹಾಗಾದರೆ ಪರಿಹಾರವೆಲ್ಲಿದೆ? ಧ್ಯಾನ, ಯೋಗ, ಚಿತ್ತದ ಶಿಕ್ಷಣಗಳಿಂದ ವೈದ್ಯನನ್ನೇ ಗಟ್ಟಿಗೊಳಿಸಬೇಕೆಂಬುದು ಒಂದು ಮಾರ್ಗ. ಅದರಿಂದ ಸ್ವಲ್ಪ ಪ್ರಯೋಜನವುಂಟು. ಆದರೆ 2017ರಲ್ಲಿ ಬ್ರಿಟನ್ನಿನ ಮರಿಯಾ ಪನಾಗಿಯೋಟಿಯವರೂ ಅವರ ಸಂಗಡಿಗರೂ 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೆಲಸದ ವೇಳೆ, ಹೊರೆ, ತಂಡದ ರಚನೆ ಇವನ್ನು ಬದಲಿಸಿದ ಪ್ರಯತ್ನಗಳೇ ವ್ಯಕ್ತಿಯನ್ನು ಮಾತ್ರ ತಿದ್ದಲೆಳಸಿದ ಪ್ರಯತ್ನಗಳಿಗಿಂತ ಹೆಚ್ಚು ಫಲಕಾರಿಯಾಗಿ ಕಂಡವು. ನಮ್ಮಲ್ಲಿಯೂ 2024ರಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದು ವೈದ್ಯ ವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯವನ್ನು ಪರಿಶೀಲಿಸಿ, ಸ್ನಾತಕೋತ್ತರ ವಿದ್ಯಾರ್ಥಿಗಳ ದುಡಿಮೆ ವಾರಕ್ಕೆ 74 ಗಂಟೆಗಳನ್ನು ಮೀರಬಾರದು, ವಾರದಲ್ಲಿ ಒಂದು ದಿನ ರಜೆಯಿರಬೇಕು ಎಂದು ಶಿಫಾರಸು ಮಾಡಿತು. 74 ಗಂಟೆಗಳನ್ನು ದುಡಿಮೆಯ ಮೇರೆಯಾಗಿ ಗೊತ್ತುಮಾಡಬೇಕಾಗಿ ಬಂದುದೇ ಸ್ಥಿತಿಯ ತೀವ್ರತೆಯನ್ನು ಹೇಳುತ್ತದೆ.

ಗ್ರಾಮದಲ್ಲಿ ನಿಲ್ಲುವವರು ಏಕೆ ನಿಲ್ಲುತ್ತಾರೆಂಬುದನ್ನು ಛತ್ತೀಸಗಢದಲ್ಲಿ ವಿಚಾರಿಸಿದವರ 2010ರ ಅಧ್ಯಯನ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಅಲ್ಲಿಯ ವೈದ್ಯರು ಹೇಳಿದ ಕಾರಣಗಳಲ್ಲಿ ಸಂಬಳವೊಂದೇ ಇರಲಿಲ್ಲ. ಹುಟ್ಟಿದ ಸೀಮೆಯ ಮಮತೆ, ಪತಿಪತ್ನಿಯರಿಗೆ ಒಂದೇ ಕಡೆ ಕೆಲಸ, ಸಹೋದ್ಯೋಗಿಗಳ ಸೌಹಾರ್ದ ಇವೂ ಇದ್ದವು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ಪ್ರವೇಶ ಕೊಡುವುದನ್ನು ಮೊದಲ ಶಿಫಾರಸುಗಳಲ್ಲಿ ಒಂದನ್ನಾಗಿ ಮಾಡಿತು. ಹೀಗಿರುವಾಗ, 2012ರ ಕಾಯ್ದೆಯ ಮೂಲಕ ನಮ್ಮ ರಾಜ್ಯವು ವಿಧಿಸಿದ ಒಂದು ವರ್ಷದ ಕಡ್ಡಾಯ ಸೇವೆಯು ಖಾಲಿ ಕುರ್ಚಿಯನ್ನು ತುಂಬಬಲ್ಲುದೇ ಹೊರತು ನೆಲೆಯನ್ನು ಕೊಡಲಾರದೆಂದು ನಾನು ಭಾವಿಸುತ್ತೇನೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ತಂದ ಮೀಸಲಾತಿ, ಈ ಭಾಗದ ಕಾಲೇಜುಗಳ ಶೇಕಡಾ 70 ಸ್ಥಾನಗಳನ್ನು ಈ ಭಾಗದ ಮಕ್ಕಳಿಗೇ ಕಾಯ್ದಿಡುವ ಮೂಲಕ, ಅದಕ್ಕಿಂತ ಆಳವಾದ ಕೆಲಸವನ್ನು ಮಾಡುತ್ತಿದೆ. ಬಳ್ಳಾರಿಯಲ್ಲಿ 1961ರಲ್ಲಿ, ಕಲಬುರಗಿಯಲ್ಲಿ 1963ರಲ್ಲಿ ವೈದ್ಯಕೀಯ ಕಾಲೇಜುಗಳು ಆರಂಭವಾದವು; ರಾಯಚೂರಿನ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂದುದು 2007ರಲ್ಲಿ. ಸಲಾಯಿನ್ ಕೇಳಿದ ಆ ಹೆಣ್ಣುಮಗಳ ಮಾತನ್ನು ದುಭಾಷಿಯಿಲ್ಲದೆ ಅರಿಯಬಲ್ಲ ವೈದ್ಯರು ಈಗ ಹೊರಬರುತ್ತಿದ್ದಾರೆ.

ಅವರು ಒಂಟಿಯಾಗದಂತೆ ನೋಡಿಕೊಳ್ಳುವುದು ಬಾಕಿಯಿದೆ. ಲಂಡನ್ನಿನಲ್ಲಿ 1950ರ ದಶಕದಲ್ಲಿ ಮೈಕೆಲ್ ಬಾಲಿಂಟ್ ಎಂಬ ಮನೋವಿಶ್ಲೇಷಕರು ಸಾಮಾನ್ಯ ವೈದ್ಯರನ್ನು ನಿಯತವಾಗಿ ಸುತ್ತ ಕೂರಿಸಿಕೊಂಡು, ಔಷಧವನ್ನು ಕುರಿತಲ್ಲದೆ, ತಮ್ಮನ್ನು ಕಂಗೆಡಿಸಿದ ರೋಗಿಯೊಬ್ಬನನ್ನು ಕುರಿತು ಮುಚ್ಚುಮರೆಯಿಲ್ಲದೆ ಮಾತಾಡಿಸುತ್ತಿದ್ದರು. ಆ ಪದ್ಧತಿ ಅವರ ಹೆಸರಿನಲ್ಲಿಯೇ ಹಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ಅದಕ್ಕೆ ದೊಡ್ಡ ವೆಚ್ಚವಿಲ್ಲ. ತಾಲೂಕಿನ ಆರೋಗ್ಯಾಧಿಕಾರಿಗಳು ಕರೆಯುವ ಮಾಸಿಕ ಸಭೆಗೆ ವೈದ್ಯರು ಹೇಗೂ ಬರುತ್ತಾರೆ, ಲಸಿಕೆ ಹೆರಿಗೆಗಳ ಅಂಕಿಗಳನ್ನು ಒಪ್ಪಿಸುತ್ತಾರೆ; ಅದರ ಕೊನೆಯ ಒಂದು ಗಂಟೆಯನ್ನು ಇಂಥ ಮಾತಿಗೆ ಮೀಸಲಿಡಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕೆಂಬ ನಿಯಮವನ್ನು ಸಿಂಧನೂರು, ಲಿಂಗಸುಗೂರುಗಳ ತಾಲೂಕು ಆಸ್ಪತ್ರೆಗಳವರೆಗೆ ವಿಸ್ತರಿಸಿದರೆ, ಮಸ್ಕಿಯ ಸುತ್ತಿನ ಹಳ್ಳಿಯೊಂದರಲ್ಲಿ ರಕ್ತದ ನಳಿಕೆಯನ್ನು ಓರೆಮಾಡಿ ನೋಡುತ್ತಿರುವ ವೈದ್ಯನಿಗೆ ಅರ್ಧ ಗಂಟೆಯ ದಾರಿಯಷ್ಟು ದೂರದಲ್ಲಿ, ಫೋನ್ ಮಾಡಿ ಕೇಳಬಹುದಾದ ಪರಿಚಿತನೊಬ್ಬನು ದೊರೆಯುತ್ತಾನೆ.