ಗುಂಡು ಯಾಕೆ ತಿರುಗಬೇಕು?

ಅಹಮದಾಬಾದ್‌ನಲ್ಲಿ ಬೆಳೆದ ಶೂಟರ್ ಇಳವೆನಿಲ್ ವಾಳರಿವನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 60 ಹೊಡೆತಗಳಿಗೆ 630.7 ಅಂಕ ಗಳಿಸಿ 10ನೇ ಸ್ಥಾನ ಪಡೆದರು. ಫೈನಲ್‌ಗೆ ಹೋಗುವವರು 8 ಮಂದಿ ಮಾತ್ರ. ಈ ಆಟದಲ್ಲಿ 0.1 ಅಂಕ ಅಂದರೆ ಗುರಿಯ ಮೇಲೆ ಕಾಲು ಮಿಲಿಮೀಟರ್! ಕೈ, ಕಣ್ಣು, ಉಸಿರು ಎಲ್ಲ ಸರಿಯಿದ್ದರೂ ಗುಂಡು ದಾರಿ ತಪ್ಪಿದರೆ ಮುಗಿಯಿತು.

ನಿಂತ ಬುಗುರಿ ಬೀಳುತ್ತೆ, ತಿರುಗುವ ಬುಗುರಿ ನಿಲ್ಲುತ್ತೆ, ಅಲ್ವೇ? ರೈಫಲ್ ನಳಿಗೆಯ ಒಳಗಿನ ಸುರುಳಿ ಗೀರುಗಳು ಗುಂಡನ್ನು ಹಾಗೇ ತಿರುಗಿಸಿ ಬಿಡುತ್ತವೆ. ಗೀರು ಒಂದು ಪೂರ್ತಿ ಸುತ್ತು ಹಾಕಲು ಬೇಕಾದ ಉದ್ದವೇ ‘ಟ್ವಿಸ್ಟ್’.

ಏರ್ ರೈಫಲ್‌ನ 4.5 ಮಿ.ಮೀ. ಗುಂಡಿಗೆ ಸೊಂಟ ಸಣ್ಣ, ಹಿಂಭಾಗ ಟೊಳ್ಳು. ಶಟಲ್‌ಕಾಕ್‌ನಂತೆ ಗಾಳಿಯೂ ಅದನ್ನು ನೇರವಾಗಿಡುತ್ತೆ. ನಿಧಾನದ ಟ್ವಿಸ್ಟ್ ಸಾಕು. ದೂರದ ಗುರಿಗೆ ಹೊಡೆಯುವ ಗುಂಡು ಹಾಗಲ್ಲ. ಗಾಳಿ ಸೀಳಲು ಅದನ್ನು ಉದ್ದಕ್ಕೆ, ಚೂಪಾಗಿ ಮಾಡಿರುತ್ತಾರೆ. ಉದ್ದ ಹೆಚ್ಚಿದಂತೆ ಗಾಳಿ ಅದರ ಮೂತಿಯನ್ನು ಪಕ್ಕಕ್ಕೆ ತಳ್ಳುವುದೂ ಹೆಚ್ಚು, ಹಾಗಾಗಿ ಇನ್ನೂ ಜೋರಾಗಿ ತಿರುಗಬೇಕು. .223 ರೈಫಲ್‌ನಲ್ಲಿ 55 ಗ್ರೇನ್ ತೂಕದ ಗುಂಡಿಗೆ 12 ಇಂಚಿಗೊಂದು ಸುತ್ತು ಸಾಕು. 77 ಗ್ರೇನ್‌ನ ಉದ್ದ ಗುಂಡಿಗೆ 8 ಇಂಚಿಗೊಂದು ಬೇಕು. ಕಡಿಮೆಯಾದರೆ ಗುಂಡು ಹೊರಳಿ, ಕಾಗದದಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು ಬಿಡುತ್ತೆ.

ನಳಿಗೆ ಎಷ್ಟೇ ದುಬಾರಿಯಾಗಿರಲಿ, ಗುಂಡಿಗೆ ಹೊಂದದಿದ್ದರೆ ವರ್ಷಗಳ ಅಭ್ಯಾಸವೂ ವ್ಯರ್ಥ. ಅದಕ್ಕೇ ಸ್ಪರ್ಧೆಗೆ ಹೋಗುವವರು ತಮ್ಮ ನಳಿಗೆಗೆ ಯಾವ ಗುಂಡು ಒಗ್ಗುತ್ತದೆಂದು ಬ್ಯಾಚ್ ಬ್ಯಾಚಾಗಿ ಹೊಡೆದು ನೋಡಿಯೇ ಆರಿಸುತ್ತಾರೆ.