ಗಾಜಿನ ತೊಟ್ಟಿಯ ನೀರನ್ನು ಪಳಗಿಸುವ ಬಗೆ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಗೃಹಸ್ಥರಿಗೆ ನೀರಿನ ಪರಿಚಯವನ್ನು ಬೇರೊಬ್ಬರು ಮಾಡಿಕೊಡಬೇಕಾದುದಿಲ್ಲ. ಶರಾವತಿಯು ಹೊನ್ನಾವರದಲ್ಲಿ ಕಡಲನ್ನು ಸೇರುತ್ತಾಳೆ. ಅಘನಾಶಿನಿಯು ಕುಮಟಾ ಸೀಮೆಯನ್ನು ತಣಿಸಿ ತದಡಿಯ ಬಳಿಯಲ್ಲಿ ಸಮುದ್ರವನ್ನು ಕೂಡುತ್ತಾಳೆ. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಹಿತ್ತಿಲಿಗೊಂದು ಬಾವಿಯಿರುವುದು ವಾಡಿಕೆ. ಸಿಗಡಿಯೂ, ಅಂದರೆ ಈ ಕಡೆಯವರ ಶೆಟ್ಲಿಯೂ, ಇಲ್ಲಿ ಅಪರೂಪದ ಪ್ರಾಣಿಯಲ್ಲ. ಹೀಗಿದ್ದರೂ, ಮಕ್ಕಳ ಆಸೆಗಾಗಿ ಗಾಜಿನ ತೊಟ್ಟಿಯೊಂದನ್ನು ಕೊಂಡು ತಂದು, ಬಾವಿಯ ತಿಳಿನೀರನ್ನು ತುಂಬಿ, ಅದೇ ಸಾಯಂಕಾಲ ಕೆಂಪು ಬಣ್ಣದ ಚಿಕ್ಕ ಸಿಹಿನೀರಿನ ಸಿಗಡಿಗಳನ್ನು ಬಿಟ್ಟ ಮನೆಗಳಲ್ಲಿ, ವಾರ ಕಳೆಯುವುದರೊಳಗೆ ಆ ಜೀವಿಗಳು ಒಂದೊಂದಾಗಿ ತಳ ಸೇರುವುದುಂಟು. ಆಗ ಮಾರಿದವನನ್ನು ದೂರುವವರಿದ್ದಾರೆ, ದೃಷ್ಟಿ ತಾಗಿತೆನ್ನುವವರಿದ್ದಾರೆ, ಬಾವಿಯೇ ಕೆಟ್ಟಿತೆಂದು ಶಂಕಿಸುವವರೂ ಇದ್ದಾರೆ. ಬಹುಮಟ್ಟಿಗೆ ಕಾರಣವು ಇವಾವುವೂ ಅಲ್ಲ. ನೀರು ತಿಳಿಯಾಗಿತ್ತು, ಆದರೆ ಪಳಗಿರಲಿಲ್ಲ.

ಹೊಸ ಮಣ್ಣಿನ ಗಡಿಗೆಯನ್ನು ಅಂಗಡಿಯಿಂದ ತಂದ ದಿನವೇ ಒಲೆಗೇರಿಸುವ ಗೃಹಿಣಿಯು ನಮ್ಮಲ್ಲಿಲ್ಲ. ಅದನ್ನು ನೆನೆಯಿಸಿ, ಗಂಜಿ ಕಾಯಿಸಿ, ಪಳಗಿಸಿದ ಮೇಲಲ್ಲವೇ ಅಡಿಗೆಗೆ ತೊಡಗುವುದು? ಗಾಜಿನ ತೊಟ್ಟಿಗೂ ಅಂಥದೇ ಒಂದು ಸಂಸ್ಕಾರವು ಅವಶ್ಯವಾಗಿದೆ. ಅದಕ್ಕೆ ನಾಲ್ಕರಿಂದ ಆರು ವಾರಗಳ ಕಾಲ ಹಿಡಿಯುತ್ತದೆ. ಆ ಕಾಲವೆಲ್ಲ ತೊಟ್ಟಿಯು ಹೊರಗಣ್ಣಿಗೆ ಬರಿದಾಗಿಯೇ ತೋರುವುದು. ಆದರೆ ಕಾಣದ ಕೆಲಸವೆಲ್ಲ ನಡೆಯುವುದು ಆಗಲೇ.

ಆ ಕೆಲಸವೆಂಥದೆಂದರೆ: ಸಿಗಡಿಯು ತಿಂದುದರ ಕಲ್ಮಷವು ಬಹುಭಾಗ ಅಮೋನಿಯವಾಗಿ ಅದರ ಕಿವಿರುಗಳಿಂದ ನೀರಿಗಿಳಿಯುತ್ತದೆ. ತಿನ್ನದೆ ಉಳಿದ ಆಹಾರವು ಕೊಳೆತರೂ ಅಮೋನಿಯವೇ ಹುಟ್ಟುತ್ತದೆ. ಶರಾವತಿಯಂಥ ನದಿಯಲ್ಲಿ ಅದು ಕ್ಷಣದಲ್ಲಿ ಕರಗಿ ಹರಿದುಹೋಗುವುದು. ೪೦ ಲೀಟರಿನ ತೊಟ್ಟಿಯಲ್ಲಿ ಅದಕ್ಕೆ ಹೋಗಲು ದಾರಿಯೆಲ್ಲಿ? ದಿನದಿಂದ ದಿನಕ್ಕೆ ಕೂಡಿಬಂದು, ಅದನ್ನು ಹೊರಹಾಕಿದ ಕಿವಿರುಗಳನ್ನೇ ಸುಡುತ್ತದೆ. ನೀರು ಮಾತ್ರ ಪನ್ನೀರಿನಂತೆ ತಿಳಿಯಾಗಿಯೇ ಇರುವುದರಿಂದ ಮನೆಯವರಿಗೆ ಏನೊಂದೂ ತಿಳಿಯದು.

ಈ ವಿಷವನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳು ಸೃಷ್ಟಿಯಲ್ಲಿವೆ. ಒಂದು ಪಂಗಡವು ಅಮೋನಿಯವನ್ನು ನೈಟ್ರೈಟ್ ಎಂಬ ಇನ್ನೊಂದು ವಿಷವನ್ನಾಗಿ ಮಾರ್ಪಡಿಸುತ್ತದೆ. ಮತ್ತೊಂದು ಪಂಗಡವು ಆ ನೈಟ್ರೈಟನ್ನು ನೈಟ್ರೇಟನ್ನಾಗಿ ಮಾಡುತ್ತದೆ. ಎರಡೂ ಕಾರ್ಯಗಳನ್ನು ಒಂದೇ ಜೀವಿಯು ನಡೆಯಿಸುವುದೂ ಉಂಟೆಂಬುದು ೨೦೧೫ರಲ್ಲಿ ಕಂಡುಬಂದಿತು. ನೈಟ್ರೇಟು ಅಲ್ಪಪ್ರಮಾಣದಲ್ಲಿದ್ದರೆ ಅಪಾಯಕಾರಿಯಲ್ಲ. ಗಿಡಗಳಿಗೆ ಅದು ಗೊಬ್ಬರವೇ ಸರಿ. ಈ ಜೀವಿಗಳು ನೀರಿನಲ್ಲಿ ತೇಲಾಡುವುದಕ್ಕಿಂತ ಮರಳು, ಕಲ್ಲು, ಶೋಧಕದ ಸ್ಪಂಜು ಇವುಗಳ ಮೈಗೆ ಅಂಟಿಕೊಂಡು ಬಾಳುವುವೇ ಹೆಚ್ಚು. ಅವುಗಳ ಬೆಳವಣಿಗೆ ಬಹು ಮಂದ. ಸಾಮಾನ್ಯ ಜೀವಾಣುಗಳಲ್ಲಿ ಕೆಲವು ೨೦ ನಿಮಿಷಕ್ಕೆ ಇಮ್ಮಡಿಯಾಗುವುವಾದರೆ, ಇವು ಇಮ್ಮಡಿಯಾಗಲು ಹಲವು ಗಂಟೆಗಳು, ಕೆಲವೊಮ್ಮೆ ಒಂದು ದಿನಕ್ಕೂ ಮಿಕ್ಕಿ ಬೇಕು. ನಾವು ವಾರಗಟ್ಟಲೆ ಕಾಯಬೇಕಾಗಿರುವುದು ಇದರಿಂದಲೇ.

ಇದನ್ನು ಮೊದಲು ಪ್ರಯೋಗದಿಂದ ತೋರಿಸಿಕೊಟ್ಟವರು ಫ್ರಾನ್ಸ್ ದೇಶದ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿಜ್ಞಾನಿಗಳು. ೧೮೭೭ರಲ್ಲಿ ಅವರು ಮರಳನ್ನೂ ಸುಣ್ಣಕಲ್ಲನ್ನೂ ತುಂಬಿದ ಗಾಜಿನ ಕೊಳವೆಯ ಮೂಲಕ ಚರಂಡಿಯ ನೀರನ್ನು ಮೆಲ್ಲಗೆ ಇಳಿಯಬಿಟ್ಟರು. ಸುಮಾರು ೨೦ ದಿನಗಳವರೆಗೆ ಅಮೋನಿಯವು ಹೊಕ್ಕಂತೆಯೇ ಹೊರಬಂದಿತು. ತರುವಾಯ ಅದು ನೈಟ್ರೇಟಾಗಿ ಬರತೊಡಗಿತು. ಮರಳಿಗೆ ಕ್ಲೋರೋಫಾರಮಿನ ಆವಿಯನ್ನು ತಾಗಿಸಲು ಆ ಕಾರ್ಯವು ನಿಂತುಹೋಯಿತು. ಮಣ್ಣು ಕದಡಿದ ನೀರನ್ನು ಮತ್ತೆ ಸೇರಿಸಲು ಪುನಃ ಆರಂಭವಾಯಿತು. ಇದು ಬರಿಯ ರಸಾಯನವಲ್ಲ, ಜೀವಿಗಳ ಕೆಲಸವೆಂದು ಹೀಗೆ ಸಿದ್ಧವಾಯಿತು. ಇಂದು ನಮ್ಮ ಹಜಾರದ ತೊಟ್ಟಿಯಲ್ಲಿ ನಡೆಯುವುದೂ ಅದೇ ಪ್ರಯೋಗವೇ.

ಕುಮಟೆಯ ರೈತರಿಗೆ ಈ ಕ್ರಮವು ಬೇರೊಂದು ರೂಪದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅಘನಾಶಿನಿಯ ಹಿನ್ನೀರಿನ ಮಾಣಿಕಟ್ಟಾ ಮೊದಲಾದ ಊರುಗಳ ಗಜನಿ ಗದ್ದೆಗಳಲ್ಲಿ ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಬಳಿಕ ಕಗ್ಗದ ಬತ್ತವನ್ನು ಬಿತ್ತುತ್ತಾರೆ. ಕೊಯಿಲಾದ ಮೇಲೆ ಕೂಳೆಯನ್ನು ಗದ್ದೆಯಲ್ಲಿಯೇ ಬಿಟ್ಟು, ಉಬ್ಬರದ ಉಪ್ಪುನೀರನ್ನು ಒಳಬಿಡುತ್ತಾರೆ. ನೀರಿನೊಡನೆ ಸಿಗಡಿಯೂ ಮೀನೂ ಬರುತ್ತವೆ. ಕೊಳೆಯುವ ಕೂಳೆಯ ಮೇಲೆ ಹಬ್ಬುವ ಸೂಕ್ಷ್ಮಜೀವಿಗಳು ಅವುಗಳ ಆಹಾರಕ್ಕೆ ಆಧಾರ. ಅವುಗಳ ಮಲವು ಮುಂದಿನ ಬತ್ತಕ್ಕೆ ಗೊಬ್ಬರ. ಗಜನಿಯ ಸಿಗಡಿಯು ಉಪ್ಪುನೀರಿನದು, ತೊಟ್ಟಿಯದು ಸಿಹಿನೀರಿನದು. ಆದರೂ ನೀತಿಯು ಒಂದೇ. ಉಣ್ಣುವವರು ಬರುವ ಮೊದಲೇ ಅಡಿಗೆಯವರೂ ಜಾಡಮಾಲಿಗಳೂ ಬಂದು ನೆಲೆಸಿರಬೇಕು.

ಇನ್ನು ಕ್ರಮವನ್ನು ಹೇಳುವೆವು. ತೊಟ್ಟಿಯು ೪೦ ಲೀಟರಿಗೆ ಕಡಿಮೆಯಿಲ್ಲದಿರುವುದು ಮೇಲು. ನೀರು ಕಡಿಮೆಯಾದಷ್ಟೂ ಅದರ ಗುಣವು ಬೇಗ ಬೇಗ ಬದಲಾಗುವುದು. ತಳಕ್ಕೆ ಹೊಳೆಯ ಮರಳನ್ನು ಚೆನ್ನಾಗಿ ತೊಳೆದು ಹಾಸಬೇಕು. ಕಡಲ ಮರಳಿನಲ್ಲಿ ಉಪ್ಪಿರುವುದರಿಂದ ಅದು ಬೇಡ. ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಶೋಧಕವೊಂದನ್ನಿಟ್ಟರೆ ಸೂಕ್ಷ್ಮಜೀವಿಗಳಿಗೆ ಮನೆಯೂ ಆಯಿತು, ಪ್ರಾಣವಾಯುವೂ ದೊರೆಯಿತು. ಸಿಗಡಿಯ ಮರಿಗಳು ಅದರೊಳಕ್ಕೆ ಸೆಳೆದುಕೊಂಡು ಹೋಗುವ ಭಯವೂ ಇಲ್ಲ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ಬಳಸತಕ್ಕದ್ದು.

ನಮ್ಮ ಚಿರೆಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದುವಾದುದು, ತುಸು ಆಮ್ಲಗುಣವುಳ್ಳುದು. ಬೇಳೆ ಬೇಯಿಸಲು ಇದು ಉತ್ತಮ, ಸಿಗಡಿಗೆ ಸಾಲದು. ಪೊರೆ ಕಳಚಿ ಹೊಸ ಚಿಪ್ಪನ್ನು ಕಟ್ಟಿಕೊಳ್ಳಲು ಅದಕ್ಕೆ ಸುಣ್ಣದಂಶವು ಬೇಕು. ಅಷ್ಟೇ ಅಲ್ಲ, ಅಮೋನಿಯವನ್ನುಣ್ಣುವ ಜೀವಿಗಳ ಕೆಲಸವು ನೀರಿನ ಕ್ಷಾರವನ್ನು ವೆಚ್ಚಮಾಡುತ್ತದೆ, ಪಿ.ಎಚ್. ಎಂಬ ಮಾನವು ೬ಕ್ಕಿಂತ ಕೆಳಗಿಳಿದರೆ ಆ ಕೆಲಸವು ಬಹಳ ಕುಂದುವುದು. ಇದಕ್ಕೆ ಪರಿಹಾರವು ಹತ್ತಿರದಲ್ಲಿಯೇ ಇದೆ. ಅಡಿಗೆಮನೆಯಲ್ಲಿ ಉಳಿದ ಚಿಪ್ಪಿಕಲ್ಲಿನ ಬರಿಯ ಚಿಪ್ಪುಗಳನ್ನು ತೊಳೆದು, ಕುದಿಸಿ, ಒಂದು ಹಿಡಿಯಷ್ಟನ್ನು ತೊಟ್ಟಿಯ ಮೂಲೆಯಲ್ಲಿರಿಸಿದರೆ ಅವು ಆಮ್ಲದಲ್ಲಿ ಮೆಲ್ಲಮೆಲ್ಲನೆ ಕರಗಿ ಎರಡೂ ಕೊರತೆಗಳನ್ನು ತುಂಬುವುವು. ಇದಕ್ಕೋಸ್ಕರ ಹೊಳೆಯ ದಂಡೆಯನ್ನು ಬಾಚಬೇಕಾದುದಿಲ್ಲ. ಅಘನಾಶಿನಿಯ ಅಳಿವೆಯು ೨೦೨೪ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ತೇವಭೂಮಿಯೆಂಬುದನ್ನು ನೆನಪಿಡುವುದು ಒಳ್ಳೆಯದು.

ಇಷ್ಟಾದ ಮೇಲೆ ಸೂಕ್ಷ್ಮಜೀವಿಗಳಿಗೆ ಊಟವನ್ನಿಕ್ಕಬೇಕು. ಮೀನಿನ ಆಹಾರವನ್ನು ಒಂದು ಚಿಟಿಕೆಯಂತೆ ದಿನ ಬಿಟ್ಟು ದಿನ ಹಾಕುತ್ತ ಬಂದರೆ ಅದು ಕೊಳೆತು ಅಮೋನಿಯವಾಗುವುದು. ಪೇಟೆಯ ಹಸಿ ಸಿಗಡಿಯೊಂದನ್ನು ಬಟ್ಟೆಯಲ್ಲಿ ಕಟ್ಟಿ ತೂಗಬಿಡುವ ಪದ್ಧತಿಯೂ ಉಂಟು. ಅದು ನಮಗೆ ಒಪ್ಪಿಗೆಯಲ್ಲ. ಭಾರತದ ಸಿಗಡಿ ಹೊಂಡಗಳನ್ನು ೧೯೯೪ರ ಸುಮಾರಿನಿಂದ ಕಾಡಿದ ಬಿಳಿಚುಕ್ಕೆ ರೋಗದ ವಿಷಾಣುವು ಹಲವು ಜಾತಿಯ ಸಿಗಡಿ, ಏಡಿಗಳಿಗೆ ತಾಗತಕ್ಕುದು; ಅದನ್ನು ಕೈಯಾರೆ ಮನೆಗೆ ತರುವುದೇಕೆ? ಆರೋಗ್ಯವಾದ ಹಳೆಯ ತೊಟ್ಟಿಯೊಂದು ನೆರೆಮನೆಯಲ್ಲಿದ್ದರೆ ಅದರ ಸ್ಪಂಜಿನ ತುಂಡೊಂದನ್ನು ಬೇಡಿ ತರಬಹುದು. ಹಾಲಿಗೆ ಹೆಪ್ಪು ಹೇಗೋ ಹೊಸ ತೊಟ್ಟಿಗೆ ಇದು ಹಾಗೆ. ಕಾಯುವ ಕಾಲವು ಬಹಳಷ್ಟು ತಗ್ಗುವುದು.

ಔಷಧದ ಪೆಟ್ಟಿಗೆಯಂತಿರುವ ಪರೀಕ್ಷಾದ್ರವಗಳು ಪೇಟೆಯಲ್ಲಿ ದೊರೆಯುತ್ತವೆ. ಮೂರು ದಿನಗಳಿಗೊಮ್ಮೆ ನೋಡುತ್ತಿದ್ದರೆ ಮೊದಲು ಅಮೋನಿಯ ಏರಿ, ಅದು ಇಳಿಯತೊಡಗಿದಾಗ ನೈಟ್ರೈಟ್ ಏರಿ, ಕೊನೆಗೆ ಅದೂ ಇಳಿದು ನೈಟ್ರೇಟು ಕಾಣಿಸಿಕೊಳ್ಳುವುದು. ನಡುವೆ ನೀರು ಮಬ್ಬಾದರೆ ಗಾಬರಿಗೊಂಡು ಎಲ್ಲವನ್ನೂ ಚೆಲ್ಲಿ ತೊಳೆಯಬಾರದು. ತೊಳೆದರೆ ಪುನಃ ಮೊದಲಿನಿಂದಲೇ ಆರಂಭ. ಲೀಟರಿಗೆ ೨ ಮಿಲಿಗ್ರಾಮಿನಷ್ಟಿರುವ ಅಮೋನಿಯವು ಒಂದು ಹಗಲು ಒಂದು ರಾತ್ರಿಯಲ್ಲಿ ಸೊನ್ನೆಗಿಳಿದು, ನೈಟ್ರೈಟೂ ಸೊನ್ನೆಯಾಗಿದ್ದರೆ ನೀರು ಪಳಗಿತೆಂದು ತಿಳಿಯತಕ್ಕದ್ದು. ಆಗ ಅರ್ಧದಷ್ಟು ನೀರನ್ನು ಬದಲಾಯಿಸಿ, ಇನ್ನೂ ಒಂದೆರಡು ವಾರ ಸೈರಿಸಿದರೆ ಲೇಸು. ಅಷ್ಟರಲ್ಲಿ ಕಲ್ಲುಗಳ ಮೇಲೆ ತೆಳುವಾದ ಪಾಚಿಯೂ ಲೋಳೆಪೊರೆಯೂ ಹಬ್ಬುತ್ತವೆ. ಸಿಗಡಿಮರಿಗಳ ಮೊದಲ ತುತ್ತೇ ಅದು. ಕಡಲತೀರದ ಕಾಡುಬಾದಾಮಿಯ ಒಣಗಿದ ಎಲೆಯೊಂದನ್ನು ಹಾಕಿದರೆ ಆ ಪೊರೆಯು ಅದರ ಮೇಲೂ ಸಮೃದ್ಧವಾಗಿ ಬೆಳೆಯುವುದು.

ಎರಡು ಮೂರು ಎಚ್ಚರಿಕೆಗಳನ್ನು ಹೇಳಲೇಬೇಕು. ತಾಮ್ರದ ಹಂಡೆ, ಬಿಂದಿಗೆಗಳಲ್ಲಿ ಕೂಡಿಟ್ಟ ನೀರು ನಮಗೆ ಪವಿತ್ರವಾದರೂ ಸಿಗಡಿಗೆ ವಿಷಪ್ರಾಯ. ಅದರ ರಕ್ತದಲ್ಲಿಯೇ ತಾಮ್ರವಿದೆ, ನಿಜ. ಆದರೆ ನೀರಿನಲ್ಲಿ ಕರಗಿದ ತಾಮ್ರವು ಅತ್ಯಲ್ಪವಾದರೂ ಅದನ್ನು ಕೊಲ್ಲಬಲ್ಲುದು. ಸೊಳ್ಳೆಗೂ ಜಿರಲೆಗೂ ಸಿಂಪಡಿಸುವ ಔಷಧಗಳೂ ಹಾಗೆಯೇ. ಸ್ಪಂಜನ್ನು ತೊಳೆಯಬೇಕಾದಾಗ ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲಗೆ ಹಿಂಡಬೇಕು. ಪಿ.ಎಚ್. ೭ರಿಂದ ೮ಕ್ಕೆ ಏರಿದರೆ ಅಮೋನಿಯದ ಘಾತಕವಾದ ಭಾಗವು ಸುಮಾರು ಹತ್ತು ಪಾಲಾಗುವುದರಿಂದ, ಚಿಪ್ಪು ಒಳ್ಳೆಯದೆಂದು ಬುಟ್ಟಿಗಟ್ಟಲೆ ಸುರಿಯಬಾರದು. ಮಳೆಗಾಲದಲ್ಲಿ ವಿದ್ಯುತ್ತು ದೀರ್ಘಕಾಲ ಹೋದರೆ ಪಂಪು ನಿಂತು ಪ್ರಾಣವಾಯುವು ಕುಗ್ಗುವುದು. ಬ್ಯಾಟರಿಯಿಂದ ನಡೆಯುವ ಚಿಕ್ಕ ಪಂಪೊಂದು ಮನೆಯಲ್ಲಿರಲಿ.

ಸಿಗಡಿಗಳನ್ನು ತಂದ ದಿನ ಹತ್ತಕ್ಕಿಂತ ಹೆಚ್ಚು ಬಿಡಬಾರದು. ತಂದ ಪಾತ್ರೆಗೆ ತೊಟ್ಟಿಯ ನೀರನ್ನು ತೊಟ್ಟು ತೊಟ್ಟಾಗಿ ಒಂದೆರಡು ಗಂಟೆಗಳ ಕಾಲ ಬೆರಸಿ, ಬಳಿಕ ಬಲೆಯಿಂದೆತ್ತಿ ಬಿಡತಕ್ಕದ್ದು. ತೊಟ್ಟಿಯು ಒಗ್ಗಿಬಂದರೆ ಕೆಲವೇ ತಿಂಗಳಲ್ಲಿ ಅವುಗಳ ಸಂತಾನವು ಮಿತಿಮೀರುವುದುಂಟು. ಆಗ ಹೆಚ್ಚಾದವುಗಳನ್ನು ಹಳ್ಳಕ್ಕೋ ಕೆರೆಗೋ ಬಿಡುವುದು ಪುಣ್ಯವೆಂದು ಭಾವಿಸಕೂಡದು. ಈ ಕೆಂಪು ಸಿಗಡಿಯು ಪೂರ್ವ ಏಶಿಯದ್ದು. ಜರ್ಮನಿ, ಪೋಲೆಂಡ್ ದೇಶಗಳ ನೀರುಗಳಲ್ಲಿ ಈಗಾಗಲೇ ಬೇರೂರಿದೆ. ನಮ್ಮ ಘಟ್ಟದ ತೊರೆಗಳಲ್ಲಿ ಇಲ್ಲಿಯವೇ ಆದ ಪುಟ್ಟ ಸಿಗಡಿಗಳಿವೆ; ಅವುಗಳ ಅನ್ನಕ್ಕೆ ಪರದೇಶದ ಪಾಲುಗಾರನನ್ನು ನಾವು ಕಳುಹಬಾರದು. ನೆರೆಹೊರೆಯ ಆಸಕ್ತರಿಗೆ ಕೊಡುವುದೇ ಯೋಗ್ಯ.

ಮಕ್ಕಳಿಗೆ ಆರು ವಾರಗಳೆಂದರೆ ಒಂದು ಯುಗ. ಬರಿಯ ನೀರನ್ನು ನೋಡುತ್ತ ಕೂರುವುದು ಅವರಿಗೆ ಬೇಸರವೆಂಬುದು ನಿಜ. ಆದುದರಿಂದ ಪರೀಕ್ಷೆಯ ಕೆಲಸವನ್ನು ಅವರಿಗೇ ಒಪ್ಪಿಸಿ, ಏರಿಳಿತಗಳನ್ನು ಒಂದು ಹಾಳೆಯ ಮೇಲೆ ಬರೆಯಹೇಳುವುದು ಉತ್ತಮವೆಂದು ನಮಗೆ ತೋರುತ್ತದೆ. ಸತ್ತ ಸಿಗಡಿಯನ್ನು ಮಗುವಿನ ಕಣ್ಣೆದುರಿಗೆ ಎತ್ತಿಹಾಕುವುದಕ್ಕಿಂತ, ಬರಲಿರುವ ಜೀವಕ್ಕಾಗಿ ಮನೆಯನ್ನು ಅಣಿಗೊಳಿಸುವುದನ್ನು ಅದಕ್ಕೆ ಕಲಿಸುವುದು ಎಷ್ಟೋ ಲೇಸು.