ಕಾದು ಗೆದ್ದ ವೈನ್

ದಕ್ಷಿಣ ಆಸ್ಟ್ರೇಲಿಯಾದ ಪೆನ್‌ಫೋಲ್ಡ್ಸ್ ವೈನ್ ಕಂಪೆನಿಗೆ 1931ರಲ್ಲಿ ಪತ್ರ ತಲುಪಿಸುವ ಹುಡುಗನಾಗಿ ಸೇರಿದವರು ಮ್ಯಾಕ್ಸ್ ಷೂಬರ್ಟ್. ದುಡಿಯುತ್ತಲೇ ಕಲಿತು ಅಲ್ಲಿಯೇ ಮುಖ್ಯ ವೈನ್ ತಯಾರಕರಾದರು. 1950ರಲ್ಲಿ ಫ್ರಾನ್ಸಿನ ಬೋರ್ಡೊಗೆ ಹೋದಾಗ, ದಶಕಗಳ ಕಾಲ ಕೆಡದೆ ಮಾಗುವ ವೈನ್‌ಗಳನ್ನು ಕಂಡರು. ಮರುವರ್ಷವೇ ಶಿರಾಜ್ ದ್ರಾಕ್ಷಿಯಿಂದ, ಹೊಸ ಓಕ್ ಪೀಪಾಯಿಗಳಲ್ಲಿ ‘ಗ್ರೇಂಜ್’ ಸಿದ್ಧಪಡಿಸಿದರು.

ರುಚಿ ನೋಡಿದ ಪರಿಣತರು ಮುಖ ಸಿಂಡರಿಸಿದರು. 1957ರಲ್ಲಿ ತಯಾರಿಕೆ ನಿಲ್ಲಿಸುವಂತೆ ಕಂಪೆನಿ ಆದೇಶಿಸಿತು.

ತಪ್ಪಿದ್ದೆಲ್ಲಿ? ದ್ರಾಕ್ಷಿಯ ಸಿಪ್ಪೆ, ಬೀಜ ಹಾಗೂ ಓಕ್ ಮರದಿಂದ ಇಳಿಯುವ ಟ್ಯಾನಿನ್, ಗಟ್ಟಿ ಚಹಾದಂತೆ ನಾಲಿಗೆಗೆ ಒಗರು. ವರ್ಷಗಳು ಕಳೆದಂತೆ ಆ ಒಗರು ಮೆದುವಾಗುತ್ತದೆ. ಪರಿಣತರು ಅಳೆದದ್ದು ಇನ್ನೂ ಮಾಗದ ವೈನನ್ನು!

ಷೂಬರ್ಟ್ ಕೈಚೆಲ್ಲಲಿಲ್ಲ. ಅಡಿಲೇಡ್ ಬಳಿಯ ಮ್ಯಾಗಿಲ್‌ನ ನೆಲಮಾಳಿಗೆಯಲ್ಲಿ ಮೂರು ವರ್ಷ ಗುಟ್ಟಾಗಿ ಗ್ರೇಂಜ್ ತಯಾರಿಸಿದರು. ಹೊಸ ಪೀಪಾಯಿಗೆ ಹಣವಿಲ್ಲದೆ ಹಳೆಯವನ್ನೇ ಬಳಸಿದರು. ಅಷ್ಟರಲ್ಲಿ ಮೊದಲ ವರ್ಷಗಳ ಬಾಟಲಿಗಳು ಮಾಗಿದ್ದವು. ಅವುಗಳ ರುಚಿ ಮತ್ತೆ ನೋಡಿದ ಆಡಳಿತ ಮಂಡಳಿ 1960ರಲ್ಲಿ ನಿಷೇಧ ತೆಗೆಯಿತು. 1955ರ ಗ್ರೇಂಜ್‌ಗೆ 1962ರ ಸಿಡ್ನಿ ಸ್ಪರ್ಧೆಯಲ್ಲಿ ಚಿನ್ನದ ಪದಕ ಬಂತು.

ಮಕ್ಕಳ ಒಂದು ಅಂಕಪಟ್ಟಿಯನ್ನೇ ಕೊನೆಯ ತೀರ್ಪೆಂದು ಭಾವಿಸುವ ಹೆತ್ತವರು ಈ ಕತೆಯನ್ನೊಮ್ಮೆ ನೆನೆಯಬಹುದು.